ಷರಾ

ತಾಲ್ಲೂಕು ಚಳ್ಳಕೆರೆ, ಗ್ರಾಮ ಹಿರೇಕಲ್ಲಹಟ್ಟಿ,
ಸ್ಥಳ: ಶಾಲೆಯ ಹಿಂದೆ, ಹುಣಸೆಮರದಿಂದ ಒಂಬತ್ತು ಹೆಜ್ಜೆ.
ಎಲ್ಲ ಕಾಲಂ ತುಂಬಿದೆ.
ಕೊನೆಯದು ಷರಾ. ಎರಡು ಬೆರಳಗಲ.

ಕೊರೆದ ದಿನ ನಾನಿದ್ದೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ,
ಹುಬ್ಬಿನ ಮೇಲೆ ರಿಗ್ಗಿನ ಧೂಳು, ಗಿರಣಿಯಿಂದ ಬಂದವಳ ಹಾಗೆ.
ಮೂರು ಮೀಟರಿಗೊಂದು ಗುಡ್ಡೆ ಪುಡಿಗಲ್ಲು
ಗೋಣಿತಾಟಿನ ಮೇಲೆ ಸಾಲಾಗಿ ಇಟ್ಟೆ:
ಕೆಂಪು, ಹಳದಿ, ಬೂದಿ, ಆಮೇಲೆ ಮಿಂಚುವ ಕಪ್ಪು,
ಐವತ್ತೆರಡಕ್ಕೆ ಒದ್ದೆ.
ಯಾರೋ ಕಾಯಿ ಒಡೆದರು.
ಮೋಟರ್ ಯಾವತ್ತು ಇಳಿಸ್ತೀರಿ ಅಂದರು.

ಇದು ಕುಡಿಯೋ ಬಾವಿ ಅಲ್ಲ, ನೋಡೋ ಬಾವಿ ಅಂದೆ.
"ನೋಡಾಕೆ ಏನೈತವ್ವ ಅದರಾಗೆ?"
ಸೂರಮ್ಮ ಬಿಂದಿಗೆಯನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಿಸಿದಳು.
ನನ್ನ ತರಬೇತಿಯಲ್ಲಿ ಉತ್ತರ ಇರಲಿಲ್ಲ.
ಸೀಳುಗಂಡಿಯ ಪೈಪು, ಸುತ್ತ ಗುಂಡುಜಲ್ಲಿ,
ಅದರ ಮೇಲೆ ಉಬ್ಬುವ ಜೇಡಿ, ಕಾಂಕ್ರೀಟು, ಮುಚ್ಚಳ, ಬೀಗ.
ಬೀಗದ ಕೈ ಶಾಲೆಯ ಜವಾನ ಗಾದ್ರಪ್ಪನ ಉಡಿದಾರಕ್ಕೆ.

ತಿಂಗಳಿಗೊಮ್ಮೆ ಬಂದೆ.
ಟೇಪಿನ ತುದಿಗೆ ಸೀಮೆಸುಣ್ಣ ಬಳಿದು ಇಳಿಸುವುದು,
ಸೀಮೆಸುಣ್ಣ ಮೂರನೇ ಕ್ಲಾಸಿನದು, ಇಲಾಖೆ ಕೊಟ್ಟದ್ದಲ್ಲ,
ಎಳೆದು, ಬಿಳಿ ಮುಗಿದು ಒದ್ದೆ ಶುರುವಾದಲ್ಲಿ ಕಣ್ಣಿಡುವುದು.
ಮೂವತ್ತೊಂದು. ಮೂವತ್ತಾರು. ನಲವತ್ತು ದಾಟಿತು.

ಮಾದರಿ ತೆಗೆಯುವ ದಿನ ಕಷ್ಟ.
ಪೈಪಿನಲ್ಲಿ ನಿಂತ ನೀರು ಹಳೇ ಮಾತು, ನಂಬಬೇಡ,
ಮೂರು ಪಟ್ಟು ಚೆಲ್ಲಿ ಆಮೇಲೆ ಬಾಟಲಿ ಹಿಡಿ ಅನ್ನುತ್ತದೆ ಕೈಪಿಡಿ.
ಏಪ್ರಿಲ್ ತಿಂಗಳು, ಹಟ್ಟಿಯ ನಡುವೆ, ಚೆಲ್ಲು ಅನ್ನುತ್ತದೆ.
ಸೂರಮ್ಮ ಮಾತಾಡದೆ ಬಕೆಟ್ ತಂದಿಟ್ಟಳು.
ಕುಡೀಬೇಡ, ಫ್ಲೋರೈಡು ಅಂದೆ.
"ನನಗೇ ಹೇಳ್ತೀಯಾ" ಅಂತ ಕಂದುಗೆರೆಯ ಹಲ್ಲು ಬಿಟ್ಟು ನಕ್ಕಳು.
"ಎಮ್ಮೆಗೆ ಮೈ ತೊಳೀತೀನಿ."
ಸರ್ಕಾರಿ ಖರ್ಚಿನಲ್ಲಿ ವರ್ಷಕ್ಕೆರಡು ಸಲ ಮಿಂದ ಎಮ್ಮೆ
ಜಿಲ್ಲೆಯಲ್ಲಿ ಬಹುಶಃ ಅದೊಂದೇ.

ನಡುವೆ ಬೀಗ ಕಳುವಾಗಿ ಒಂದೂವರೆ ವರ್ಷ ಬಾಯಿ ತೆರೆದಿತ್ತು.
ಮಕ್ಕಳು ಕಲ್ಲು ಬಿಟ್ಟು ಎಣಿಸುತ್ತಿದ್ದವು. ಬೈದು ಓಡಿಸಿದೆ.
ಹೋಗ್ತಾ ಹೋಗ್ತಾ ಚಿತ್ತಯ್ಯ ಅನ್ನುವ ಹುಡುಗ ಕೂಗಿದ:
"ಬ್ಯಾಸಗೀಲಿ ನಾಕಕ್ಕೆ ಡುಬುಕ್ ಅಂತಿತ್ತು ಮಿಸ್, ಈಗ ಎರಡಕ್ಕೇ!"
ವೇದಾವತಿ ಹರಿದಿದ್ದ ವರ್ಷ ಅದು.
ಟೇಪು ಇಳಿಸಿದೆ. ಹನ್ನೆರಡು ಮೀಟರ್.
ಅವನ ಲೆಕ್ಕ ಸರಿ ಇತ್ತು.

ಈಗ ರಸ್ತೆ ಅಗಲ ಆಗುತ್ತದೆ.
ಪಂಚಾಯ್ತಿ ಹಿಂದಿನ ಹೊಸ ಬಾವಿಗೆ ಸಿಮ್ ಹಾಕಿದ್ದಾರೆ,
ತಾನೇ ಅಳೆದು ತಾನೇ ಕಳಿಸುತ್ತದಂತೆ.
ಹಳೆಯದನ್ನು ಸುಮ್ಮನೆ ಮಣ್ಣು ಸುರಿದು ಬಿಡುವಂತಿಲ್ಲ,
ಮೇಲಿನ ಕೊಳೆ ಕೆಳಗಿಳಿದೀತು.
ಸಣ್ಣ ಕೊಳವೆಯನ್ನು ತಳ ಮುಟ್ಟಿಸಿ
ತಳದಿಂದ ಮೇಲಕ್ಕೆ ಸಿಮೆಂಟು ತುಂಬಬೇಕು.
ತಳ ಸಿಗಲಿಲ್ಲ. ಅರವತ್ತರ ಬಾವಿ ಐವತ್ತೊಂಬತ್ತಕ್ಕೇ ನಿಂತಿತು.
ಬೆಳಗಿನಿಂದ ಮಧ್ಯಾಹ್ನದವರೆಗೆ ಕೆಸರು ಎತ್ತಿದೆವು:
ಬೆಣಚುಕಲ್ಲು, ಬಳಪದ ಚೂರು, ಒಂದು ಗೆಜ್ಜೆ, ಏಳು ಗೋಲಿ.
ಗೋಲಿಗಳನ್ನು ಗಾದ್ರಪ್ಪ ತೊಳೆದು ಜೇಬಿಗೆ ಹಾಕಿಕೊಂಡ.

ಸಿಮೆಂಟು ಏರಿತು. ಅದರ ಮುಂದೆ ಮುಂದೆ ನೀರೂ ಏರಿತು,
ಹೋಗಲು ಬೇರೆ ದಾರಿ ಇಲ್ಲದೆ.
ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಬಾಯಿವರೆಗೆ ಬಂದು
ತುಳುಕಿ, ಕಾಂಕ್ರೀಟಿನ ಮೇಲೆ ಹರಿದು,
ಹುಣಸೆಯ ಬುಡ ಹುಡುಕಿಕೊಂಡು ಹೋಯಿತು.
ಅಭ್ಯಾಸ ನೋಡಿ, ಗಡಿಯಾರ ನೋಡಿ ಬರೆಯಹೊರಟೆ:
ನೀರಿನ ಮಟ್ಟ, ಸೊನ್ನೆ.
ಆಮೇಲೆ ಬಂದದ್ದು ಬೂದುಬಣ್ಣ.

"ಮೇಡಂ, ಇದು ಯಾರಿಗೆ ಕೊಡ್ಲಿ?"
ಗಾದ್ರಪ್ಪನ ಅಂಗೈಯಲ್ಲಿ ಬೀಗದ ಕೈ,
ಉಡಿದಾರದ ಬಿಸಿ ಇನ್ನೂ ಆರಿಲ್ಲ.
ನಮೂನೆಯನ್ನು ಮೇಲಿನಿಂದ ಕೆಳಗೆ ಮತ್ತೊಮ್ಮೆ ಓದಿದೆ.
ಅದಕ್ಕೆ ಕಾಲಂ ಇರಲಿಲ್ಲ.